ಯಕೃತ್ತಿನೊಳಗಿನ ಹಗೇವು
ಸಂಗ್ರಹವಾದ ಕೊಬ್ಬನ್ನು ಜೀವಕೋಶವು ಕರಗಿಸುವ ಬಗೆ

ಮನುಷ್ಯನನ್ನು ಬಾಧಿಸುವ ರೋಗಗಳಲ್ಲಿ ಕೆಲವು ಮುಂಚಿತವಾಗಿ ಸೂಚನೆ ಕೊಟ್ಟು ಬರುತ್ತವೆ. ಮತ್ತೆ ಕೆಲವು ಸದ್ದಿಲ್ಲದೆ ಬಂದು ನೆಲೆಸುತ್ತವೆ. ಯಕೃತ್ತಿನಲ್ಲಿ ಕೊಬ್ಬು ಸೇರುವ ರೋಗವು ಎರಡನೆಯ ವರ್ಗಕ್ಕೆ ಸೇರಿದ್ದು. ಜ್ವರವಿಲ್ಲ, ನೋವಿಲ್ಲ, ಊಟ ನಿದ್ರೆಗಳಿಗೆ ಅಡ್ಡಿಯಿಲ್ಲ. ಬೇರಾವುದೋ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ವರದಿಯ ಕೊನೆಯಲ್ಲಿ ‘ಫ್ಯಾಟಿ ಲಿವರ್’ ಎಂಬ ಒಂದು ಸಾಲು ಕಾಣಿಸಿಕೊಳ್ಳುತ್ತದೆ. ಕೆಲವರು ಅದನ್ನು ಮಡಿಸಿ ಬೀರುವಿನಲ್ಲಿಟ್ಟು ಮರೆಯುತ್ತಾರೆ. ಕೆಲವರು ಗಾಬರಿಗೊಂಡು ಕಂಡಕಂಡ ಕಷಾಯಗಳ ಮೊರೆಹೋಗುತ್ತಾರೆ. ಈ ಎರಡೂ ದಾರಿಗಳು ಹಿತವಲ್ಲ.

ನಮ್ಮ ಸಮಾಜದ ಮನೆಗಳಲ್ಲಿ ಈ ವರದಿ ಮತ್ತೊಂದು ಕಳವಳವನ್ನೂ ತರುತ್ತದೆ. ‘ನಾವು ಮಾಂಸ ಮುಟ್ಟಿದವರಲ್ಲ, ಮದ್ಯದ ಹತ್ತಿರ ಸುಳಿದವರಲ್ಲ, ಕುಡುಕರಿಗೆ ಬರುವ ರೋಗ ನಮಗೇಕೆ ಬಂತು?’ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಗೃಹಿಣಿಯೊಬ್ಬಳ ವರದಿಯಲ್ಲಿ ಈ ಸಾಲು ಕಂಡರೆ ಆಕೆ ಸಂಕೋಚದಿಂದ ಅದನ್ನು ಮುಚ್ಚಿಡುವುದೂ ಉಂಟು. ಆದುದರಿಂದ ಈ ಕೊಬ್ಬು ಎಲ್ಲಿಂದ ಬರುತ್ತದೆ, ಅದನ್ನು ಕರಗಿಸುವ ಯಾವ ವ್ಯವಸ್ಥೆಯನ್ನು ಪ್ರಕೃತಿಯು ಜೀವಕೋಶದೊಳಗೇ ಇರಿಸಿದೆ, ಆ ವ್ಯವಸ್ಥೆ ಏಕೆ ಕೆಲಸ ನಿಲ್ಲಿಸುತ್ತದೆ ಎಂಬುದನ್ನು ಪ್ರತಿಯೊಂದು ಕುಟುಂಬವೂ ತಿಳಿದಿರುವುದು ಅಗತ್ಯ.

ಹೆಸರಿನ ಹಿಂದಿನ ಕಥೆ

ಮದ್ಯ ಸೇವಿಸದವರಿಗೂ ಈ ರೋಗ ಬರುತ್ತದೆಂಬುದನ್ನು ವೈದ್ಯಲೋಕ ಸ್ಪಷ್ಟವಾಗಿ ಒಪ್ಪಿಕೊಂಡದ್ದು ತೀರ ಈಚೆಗೆ. ಅಮೆರಿಕೆಯ ಮೇಯೊ ಕ್ಲಿನಿಕ್‌ನ ಡಾ. ಯುರ್ಗನ್ ಲುಡ್ವಿಗ್ ಅವರೂ ಅವರ ಸಹೋದ್ಯೋಗಿಗಳೂ 1980ರಲ್ಲಿ 20 ಮಂದಿ ರೋಗಿಗಳ ವಿವರವನ್ನು ಪ್ರಕಟಿಸಿದರು. ಅವರ ಯಕೃತ್ತಿನ ತುಣುಕುಗಳು ಸೂಕ್ಷ್ಮದರ್ಶಕದಡಿಯಲ್ಲಿ ಕುಡುಕರ ಯಕೃತ್ತಿನಂತೆಯೇ ಕಂಡವು. ಆದರೆ ಅವರು ಕುಡಿಯುವವರಾಗಿರಲಿಲ್ಲ. ಅಲ್ಲಿಂದ ಈ ಕಾಯಿಲೆಗೆ ‘ಮದ್ಯೇತರ’ ಎಂಬ ವಿಶೇಷಣ ಸೇರಿತು. 2023ರಲ್ಲಿ ಜಗತ್ತಿನ ಯಕೃತ್ ತಜ್ಞರ ಸಂಘಗಳು ಈ ಹೆಸರನ್ನೂ ಬದಲಿಸಿ, ದೇಹದ ಚಯಾಪಚಯ ಕ್ರಿಯೆಯ ಏರುಪೇರಿನಿಂದ ಬರುವ ರೋಗವೆಂದೇ ಕರೆದಿವೆ. ಹೀಗಿರುವಾಗ ಈ ವರದಿಯನ್ನು ಕಂಡು ಯಾರ ನಡತೆಯನ್ನೂ ಶಂಕಿಸಲು ಕಾರಣವಿಲ್ಲ.

ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ವೈದ್ಯರು ದೇಶದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ವಯಸ್ಕರಲ್ಲಿ ನೂರಕ್ಕೆ ಸುಮಾರು 38 ಮಂದಿಗೆ ಈ ಸ್ಥಿತಿಯಿದೆ. ಕೇಂದ್ರ ಸರ್ಕಾರವು 2021ರ ಫೆಬ್ರವರಿಯಲ್ಲಿ ಇದನ್ನು ಸಕ್ಕರೆ ಕಾಯಿಲೆ, ಹೃದ್ರೋಗಗಳ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮದೊಳಗೆ ಸೇರಿಸಿತು. ಬೊಜ್ಜಿದ್ದವರಿಗೆ ಮಾತ್ರ ಇದು ಬರುತ್ತದೆಂಬ ನಂಬಿಕೆಯೂ ಸರಿಯಲ್ಲ. ಪಶ್ಚಿಮ ಬಂಗಾಳದ ಗ್ರಾಮೀಣ ಪ್ರದೇಶವೊಂದರಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯಕೃತ್ತಿನಲ್ಲಿ ಕೊಬ್ಬಿದ್ದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹೆಚ್ಚಿನ ತೂಕವಾಗಲಿ ದೊಡ್ಡ ಹೊಟ್ಟೆಯಾಗಲಿ ಇರಲಿಲ್ಲ. ನೋಡಲು ತೆಳ್ಳಗಿರುವ ಭಾರತೀಯನ ಒಡಲಲ್ಲಿಯೂ ಕೊಬ್ಬು ಮರೆಯಾಗಿ ಕುಳಿತಿರಬಹುದು.

ಕೊಬ್ಬು ಬರುವ ಮೂರು ದಾರಿಗಳು

ಯಕೃತ್ತು ಹೊಟ್ಟೆಯ ಬಲಭಾಗದಲ್ಲಿ ಪಕ್ಕೆಲುಬುಗಳ ಮರೆಯಲ್ಲಿರುವ, ಒಂದೂಕಾಲರಿಂದ ಒಂದೂವರೆ ಕಿಲೋಗ್ರಾಂ ತೂಗುವ ಅಂಗ. ಕರುಳಿನಿಂದ ಹೊರಟ ಆಹಾರರಸದ ಬಹುಭಾಗ ಮೊದಲು ಇಲ್ಲಿಗೇ ಬಂದು ಸೇರುತ್ತದೆ. ಸಕ್ಕರೆಯನ್ನು ದಾಸ್ತಾನಿಡುವುದು, ಪಿತ್ತವನ್ನು ತಯಾರಿಸುವುದು, ವಿಷವಸ್ತುಗಳನ್ನು ನಿವಾರಿಸುವುದು ಇತ್ಯಾದಿ ನೂರಾರು ಕೆಲಸಗಳು ಇಲ್ಲಿ ಏಕಕಾಲದಲ್ಲಿ ನಡೆಯುತ್ತವೆ. ಯಕೃತ್ತಿನ ಕೋಶಗಳಲ್ಲಿ ಅಲ್ಪಸ್ವಲ್ಪ ಕೊಬ್ಬಿರುವುದು ಸಹಜ. ನೂರು ಕೋಶಗಳಲ್ಲಿ ಐದಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬಿನ ಹನಿಗಳು ತುಂಬಿಕೊಂಡಾಗ ಅದನ್ನು ರೋಗವೆಂದು ಎಣಿಸುತ್ತಾರೆ.

ಈ ಕೊಬ್ಬು ನಾವು ತಿಂದ ಎಣ್ಣೆ ತುಪ್ಪಗಳಿಂದ ನೇರವಾಗಿ ಬಂದದ್ದೆಂದು ಬಹುಜನ ಭಾವಿಸುತ್ತಾರೆ. ಅಮೆರಿಕೆಯ ಸಂಶೋಧಕರು ಪರಮಾಣುಗಳಿಗೆ ಗುರುತು ಹಚ್ಚಿ ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಆಗಿತ್ತು. ರೋಗಿಗಳ ಯಕೃತ್ತಿನಲ್ಲಿದ್ದ ಕೊಬ್ಬಿನಲ್ಲಿ ನೂರಕ್ಕೆ 59 ಭಾಗ ದೇಹದ ಇತರೆಡೆಯ ಕೊಬ್ಬಿನಿಂದ ರಕ್ತದ ಮೂಲಕ ಹರಿದುಬಂದಿತ್ತು. 26 ಭಾಗವನ್ನು ಯಕೃತ್ತೇ ಸಕ್ಕರೆ ಮತ್ತು ಪಿಷ್ಟದಿಂದ ಹೊಸದಾಗಿ ತಯಾರಿಸಿತ್ತು. ಊಟದ ಕೊಬ್ಬಿನಿಂದ ನೇರವಾಗಿ ಬಂದದ್ದು ಕೇವಲ 15 ಭಾಗ.

ಈ ಲೆಕ್ಕದಲ್ಲಿ ನಮ್ಮ ಪ್ರಶ್ನೆಗೆ ಉತ್ತರವಿದೆ. ಸಸ್ಯಾಹಾರಿಯ ತಟ್ಟೆಯಲ್ಲಿ ಅನ್ನ, ಮುದ್ದೆ, ಇಡ್ಲಿ, ಹೋಳಿಗೆ, ಸಕ್ಕರೆ ಬೆರೆಸಿದ ಕಾಫಿ ಟೀಗಳದ್ದೇ ಸಿಂಹಪಾಲು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದ, 2025ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮ ಜನರ ಆಹಾರಶಕ್ತಿಯಲ್ಲಿ ನೂರಕ್ಕೆ ಸುಮಾರು 62 ಭಾಗ ಪಿಷ್ಟ ಮತ್ತು ಸಕ್ಕರೆಗಳಿಂದಲೇ ಬರುತ್ತದೆ. ದುಡಿಮೆಯಲ್ಲಿ ವ್ಯಯವಾಗದ ಸಕ್ಕರೆಯನ್ನು ಯಕೃತ್ತು ಕೊಬ್ಬಾಗಿ ಮಾರ್ಪಡಿಸುತ್ತದೆ. ಸಕ್ಕರೆಯ ಅರ್ಧಾಂಶವಾದ ಫ್ರಕ್ಟೋಸನ್ನು ಕೊಬ್ಬಾಗಿಸುವುದಂತೂ ಅದಕ್ಕೆ ಬಲು ಸುಲಭ. ಈ ವಿಷಯದಲ್ಲಿ ಬೆಲ್ಲವೂ ಸಕ್ಕರೆಯ ಒಡಹುಟ್ಟೇ ಸರಿ.

ಮೊದಲ ದಾರಿಯ ಕಥೆ ಇನ್ನೂ ಗಹನವಾದದ್ದು. ಊಟವಾದ ಮೇಲೆ ಮೇದೋಜೀರಕ ಗ್ರಂಥಿಯಿಂದ ಹೊರಡುವ ಇನ್ಸುಲಿನ್ ಎಂಬ ಹಾರ್ಮೋನು ಎರಡು ಆಜ್ಞೆಗಳನ್ನು ಹೊರಡಿಸುತ್ತದೆ: ಚರ್ಮದಡಿಯ ಕೊಬ್ಬಿನ ಕೋಶಗಳಿಗೆ ‘ಕೊಬ್ಬನ್ನು ಹೊರಬಿಡಬೇಡಿ’ ಎಂದು, ಯಕೃತ್ತಿಗೆ ‘ದಾಸ್ತಾನು ಮಾಡು’ ಎಂದು. ಹೊಟ್ಟೆಯ ಬೊಜ್ಜು ಬೆಳೆದು ದೇಹದ ದುಡಿಮೆ ತಗ್ಗಿದವರಲ್ಲಿ ಕೊಬ್ಬಿನ ಕೋಶಗಳು ಮೊದಲ ಆಜ್ಞೆಗೆ ಮಣಿಯುವುದಿಲ್ಲ. ಹಗಲಿರುಳೂ ಕೊಬ್ಬನ್ನು ರಕ್ತಕ್ಕೆ ಸೋರಿಸುತ್ತಿರುತ್ತವೆ. ಆಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಯಕೃತ್ತಾದರೋ ಎರಡನೆಯ ಆಜ್ಞೆಯನ್ನು ಪಾಲಿಸುತ್ತಲೇ ಇರುತ್ತದೆ. ಹೀಗೆ ಹೊರಗಿನಿಂದ ಹರಿದುಬರುವ ಕೊಬ್ಬು, ಒಳಗೆ ತಯಾರಾಗುವ ಕೊಬ್ಬು ಎರಡೂ ಸೇರಿ ಯಕೃತ್ತು ತುಂಬುತ್ತದೆ.

ಹನಿಯ ಸ್ವರೂಪ

ನಮ್ಮ ಹಳೆಯ ಮೈಸೂರು ಸೀಮೆಯ ರೈತರು ರಾಗಿಯನ್ನು ನೆಲದಡಿಯ ಹಗೇವುಗಳಲ್ಲಿ ತುಂಬಿಡುತ್ತಿದ್ದುದನ್ನು ಹಿರಿಯ ವಾಚಕರು ಕಂಡಿರಬಹುದು. ಹುಲ್ಲು ಹಾಸಿ, ರಾಗಿ ಸುರಿದು, ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಾನುಗಟ್ಟಲೆ ಧಾನ್ಯ ಕೆಡದೆ ಉಳಿಯುತ್ತಿತ್ತು. ಬರಗಾಲದಲ್ಲಿ ಅದೇ ಊರಿನ ಪ್ರಾಣ. ಯಕೃತ್ಕೋಶದೊಳಗಿನ ಕೊಬ್ಬಿನ ಹನಿಯೂ ಇಂತಹುದೇ ಒಂದು ಹಗೇವು. ಮೂರು ಮೇದಾಮ್ಲಗಳನ್ನು ಒಂದು ಗ್ಲಿಸರಾಲ್ ಅಣುವಿಗೆ ಕಟ್ಟಿದ ಕಂತೆಗೆ ಟ್ರೈಗ್ಲಿಸರೈಡ್ ಎಂದು ಹೆಸರು. ಇಂತಹ ಅಸಂಖ್ಯ ಕಂತೆಗಳು ಹನಿಯ ನಡುವೆ ತುಂಬಿರುತ್ತವೆ; ಸುತ್ತ ತೆಳುವಾದ ಒಂದು ಪೊರೆ; ಪೊರೆಯ ಮೇಲೆ ಕಾವಲುಗಾರರಂತೆ ಕುಳಿತ ಪೆರಿಲಿಪಿನ್ ಮೊದಲಾದ ಪ್ರೋಟೀನುಗಳು.

ಹನಿಯೊಳಗೆ ಭದ್ರವಾಗಿರುವ ಕೊಬ್ಬು ಅಷ್ಟೇನೂ ಅಪಾಯಕಾರಿಯಲ್ಲ. ಕಂತೆ ಕಟ್ಟದೆ ಬಿಡಿಬಿಡಿಯಾಗಿ ಕೋಶದಲ್ಲಿ ಅಲೆಯುವ ಮೇದಾಮ್ಲವೇ ಹಾನಿಕರ. 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಇಲಿಗಳ ಯಕೃತ್ತಿನಲ್ಲಿ ಕಂತೆ ಕಟ್ಟುವ ಕೆಲಸವನ್ನೇ ತಡೆದಾಗ ಕೊಬ್ಬಿನ ಪ್ರಮಾಣವೇನೋ ಇಳಿಯಿತು. ಆದರೆ ಉರಿಯೂತವೂ ಗಾಯದ ಕಲೆಯೂ ಹೆಚ್ಚಿದವು. ಅಂದಮೇಲೆ ಕೊಬ್ಬನ್ನು ಒಡೆದರೆ ಸಾಲದು; ಒಡೆದದ್ದನ್ನು ಆಗಿಂದಾಗಲೇ ಉರಿಸಿ ಮುಗಿಸಬೇಕು. ಕೋಶದೊಳಗಿನ ವ್ಯವಸ್ಥೆಯೂ ಇದೇ ರೀತಿಯದು.

ಮೊದಲ ಕ್ರಮ: ಕಿಣ್ವಗಳ ಕೆಲಸ

ಹನಿಯನ್ನು ಕರಗಿಸಲು ಕೋಶದಲ್ಲಿ ಎರಡು ಕ್ರಮಗಳಿವೆ. ಮೊದಲನೆಯದು ಕಿಣ್ವಗಳ ಮೂಲಕ ಹನಿಯನ್ನು ಹೊರಗಿನಿಂದ ಕಡಿಯುವುದು. ಉಪವಾಸದ ವೇಳೆಯಲ್ಲಿ ಕಾವಲಿನ ಪ್ರೋಟೀನುಗಳು ಪಕ್ಕಕ್ಕೆ ಸರಿದು ದಾರಿಬಿಡುತ್ತವೆ. ಆಗ ಎ.ಟಿ.ಜಿ.ಎಲ್. ಎಂಬ ಕಿಣ್ವವು ಕಂತೆಯ ಮೊದಲ ಮೇದಾಮ್ಲವನ್ನು ಬಿಡಿಸುತ್ತದೆ. ಎರಡನೆಯ ಕಿಣ್ವ ಎರಡನೆಯದನ್ನು, ಮೂರನೆಯದು ಕೊನೆಯದನ್ನು ಬಿಡಿಸುತ್ತವೆ. ಮೊದಲನೆಯ ಕಿಣ್ವವನ್ನು ಆಸ್ಟ್ರಿಯಾ ದೇಶದ ಗ್ರಾಜ್ ನಗರದ ರುಡಾಲ್ಫ್ ಜೆಕ್ನರ್ ಅವರ ತಂಡವೂ ಇನ್ನೆರಡು ತಂಡಗಳೂ 2004ರಲ್ಲಿ ಗುರುತಿಸಿದವು. ಅದಕ್ಕೆ ಸಿ.ಜಿ.ಐ.-58 ಎಂಬ ಸಹಾಯಕ ಪ್ರೋಟೀನು ಜೊತೆಗೂಡಿದರೆ ಮಾತ್ರ ಪೂರ್ಣ ಬಲ ಬರುತ್ತದೆ.

ಕೆಲವರ ವಂಶದಲ್ಲಿಯೇ ಈ ಕೆಲಸಕ್ಕೆ ಅಡ್ಡಿಯಿರುತ್ತದೆ. ಅಮೆರಿಕೆಯ ಡಲ್ಲಾಸ್ ನಗರದ ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೊಹೆನ್ ಅವರ ತಂಡ 2008ರಲ್ಲಿ ಪಿ.ಎನ್.ಪಿ.ಎಲ್.ಎ.-3 ಎಂಬ ವಂಶವಾಹಿಯ ಒಂದು ರೂಪಾಂತರವನ್ನು ಕಂಡುಹಿಡಿಯಿತು. ಅದರಲ್ಲಿ 148ನೆಯ ಸ್ಥಾನದ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುತ್ತದೆ. ಹೀಗೆ ಬದಲಾದ ಪ್ರೋಟೀನು ಹನಿಯ ಮೇಲೆ ಗುಂಪುಗಟ್ಟಿ ಕುಳಿತು ಆ ಸಹಾಯಕ ಪ್ರೋಟೀನನ್ನೇ ಹಿಡಿದಿಟ್ಟುಕೊಳ್ಳುತ್ತದೆ, ಕಿಣ್ವ ನಿರ್ಬಲವಾಗುತ್ತದೆ. ಒಂದೇ ಮನೆಯಲ್ಲಿ ಒಂದೇ ಊಟ ಉಣ್ಣುವ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ರೋಗ ಬಂದು ಇನ್ನೊಬ್ಬನಿಗೆ ಬಾರದಿರುವುದಕ್ಕೆ ಇಂತಹ ಭೇದಗಳೂ ಕಾರಣ.

ಎರಡನೆಯ ಕ್ರಮ: ಸ್ವಭಕ್ಷಣೆ

ಎರಡನೆಯ ಕ್ರಮವು ಹೆಚ್ಚು ಕುತೂಹಲಕರ. ಬೆಲ್ಜಿಯಂ ದೇಶದ ಕ್ರಿಸ್ಟಿಯನ್ ಡಿ ಡ್ಯೂವ್ ಅವರು 1955ರಲ್ಲಿ ಕೋಶದೊಳಗೆ ಆಮ್ಲಭರಿತವಾದ ಪುಟ್ಟ ಚೀಲಗಳನ್ನು ಗುರುತಿಸಿ ಲೈಸೊಸೋಮ್ ಎಂದು ಹೆಸರಿಟ್ಟರು. ಕೋಶದ ಜಠರಗಳೆಂದು ಅವನ್ನು ಕರೆಯಬಹುದು. ಹಳತಾದ, ಬೇಡವಾದ ಭಾಗಗಳನ್ನು ಕೋಶವು ಪೊರೆಯಿಂದ ಸುತ್ತಿ ಈ ಚೀಲಗಳಿಗೆ ಸಾಗಿಸಿ ಜೀರ್ಣಿಸಿಕೊಳ್ಳುತ್ತದೆ. ಈ ಕ್ರಿಯೆಗೆ 1963ರಲ್ಲಿ ಅವರೇ ‘ಆಟೊಫೇಜಿ’, ಎಂದರೆ ಸ್ವಭಕ್ಷಣೆ, ಎಂಬ ಹೆಸರು ಕೊಟ್ಟರು. ಅದನ್ನು ನಡೆಸುವ ವಂಶವಾಹಿಗಳನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿಯಲ್ಲಿ ಪತ್ತೆಹಚ್ಚಿದ ಜಪಾನಿನ ಯೊಶಿನೊರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಇದೇ ಸ್ವಭಕ್ಷಣೆಯಿಂದ ಯಕೃತ್ತು ಕೊಬ್ಬನ್ನೂ ಜೀರ್ಣಿಸುತ್ತದೆಂಬುದನ್ನು 2009ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ರಜತ್ ಸಿಂಗ್, ಆನಾ ಮರಿಯಾ ಕ್ವೆರ್ವೊ, ಮಾರ್ಕ್ ಚಾಜಾ ಮೊದಲಾದವರು ತೋರಿಸಿದರು. ಅವರು ಇಲಿಗಳ ಯಕೃತ್ತಿನಲ್ಲಿ ಸ್ವಭಕ್ಷಣೆಯನ್ನು ನಿಲ್ಲಿಸಿದಾಗ ಅಲ್ಲಿ ಕೊಬ್ಬು ರಾಶಿಬಿದ್ದಿತು. ಕೊಬ್ಬಿನ ಹನಿಯನ್ನು ಹೀಗೆ ಭಕ್ಷಿಸುವುದಕ್ಕೆ ‘ಲಿಪೊಫೇಜಿ’ ಎಂದು ಹೆಸರು. ಮನುಷ್ಯರಲ್ಲಿಯೂ ಇದಕ್ಕೆ ಸಾಕ್ಷ್ಯವಿದೆ. ಲೈಸೊಸೋಮಿನಲ್ಲಿರಬೇಕಾದ ಕೊಬ್ಬು ಕರಗಿಸುವ ಕಿಣ್ವವೇ ಇಲ್ಲದೆ ಹುಟ್ಟುವ ಅಪರೂಪದ ಶಿಶುಗಳಲ್ಲಿ ಯಕೃತ್ತು ಕೊಬ್ಬಿನಿಂದ ಊದಿಕೊಳ್ಳುತ್ತದೆ.

ಈ ಎರಡು ಕ್ರಮಗಳಿಗೂ ಪರಸ್ಪರ ಹೊಂದಾಣಿಕೆಯುಂಟು. 2019ರ ಒಂದು ಸಂಶೋಧನೆಯು ತೋರಿಸಿದಂತೆ, ದೊಡ್ಡ ಹನಿಗಳನ್ನು ಮೊದಲು ಕಿಣ್ವಗಳು ಕಡಿದು ಚಿಕ್ಕದಾಗಿಸುತ್ತವೆ. ಆ ಚಿಕ್ಕ ಹನಿಗಳನ್ನು ಲೈಸೊಸೋಮುಗಳು ನುಂಗುತ್ತವೆ. ಮರದ ದಿಮ್ಮಿಯನ್ನು ಕೊಡಲಿಯಿಂದ ಸೀಳಿದ ಮೇಲೆ ತಾನೆ ಒಲೆಗಿಡುವುದು!

ಒಲೆಯೂ ಅದರ ಬಾಗಿಲೂ

ಬಿಡಿಸಿಕೊಂಡ ಮೇದಾಮ್ಲ ಸೇರಬೇಕಾದ ಒಲೆ ಮೈಟೊಕಾಂಡ್ರಿಯ. ಅಲ್ಲಿ ಅದು ಹೇಗೆ ಉರಿಯುತ್ತದೆಂಬುದನ್ನು ಜರ್ಮನಿಯ ಫ್ರಾಂಜ್ ನೂಪ್ 1904ರಲ್ಲಿಯೇ ಜಾಣ್ಮೆಯಿಂದ ಬಿಡಿಸಿದರು. ಮೇದಾಮ್ಲಗಳ ತುದಿಗೆ ದೇಹದಲ್ಲಿ ಕರಗದ ಒಂದು ಉಂಗುರದಂಥ ಅಣುವನ್ನು ಗುರುತಾಗಿ ಕಟ್ಟಿ ನಾಯಿಗಳಿಗೆ ತಿನ್ನಿಸಿ, ಮೂತ್ರದಲ್ಲಿ ಉಳಿದುಬಂದ ತುಂಡುಗಳನ್ನು ಪರೀಕ್ಷಿಸಿದರು. ಮೇದಾಮ್ಲದ ಸರಪಣಿ ಎರಡೆರಡು ಇಂಗಾಲದ ತುಂಡಾಗಿ ಕತ್ತರಿಸಲ್ಪಡುತ್ತದೆಂಬುದು ಅದರಿಂದ ಸಿದ್ಧವಾಯಿತು. 16 ಇಂಗಾಲಗಳ ಪಾಮಿಟಿಕ್ ಆಮ್ಲಕ್ಕೆ ಏಳು ಸಲ ಕತ್ತರಿ ಬಿದ್ದು ಎಂಟು ತುಂಡುಗಳಾಗುತ್ತವೆ. ಆ ತುಂಡುಗಳು ಉರಿದು ಶಕ್ತಿಯಾಗುತ್ತವೆ, ಇಲ್ಲವೆ ಉಪವಾಸದ ಹೊತ್ತಿನಲ್ಲಿ ಕೀಟೋನುಗಳಾಗಿ ಮಿದುಳು ಹೃದಯಗಳಿಗೆ ಆಹಾರವಾಗುತ್ತವೆ.

ಈ ಒಲೆಗೆ ಒಂದು ಬಾಗಿಲಿದೆ. ಉದ್ದನೆಯ ಮೇದಾಮ್ಲಗಳು ಕಾರ್ನಿಟಿನ್ ಎಂಬ ವಾಹಕದ ನೆರವಿನಿಂದಲೇ ಅದನ್ನು ದಾಟಬೇಕು. ಡಲ್ಲಾಸಿನ ಮೆಕ್‌ಗ್ಯಾರಿ ಮತ್ತು ಫಾಸ್ಟರ್ ಎಂಬ ವಿಜ್ಞಾನಿಗಳು 1977ರಲ್ಲಿ ಕಂಡುಕೊಂಡ ಸಂಗತಿ ಬಹು ಮುಖ್ಯವಾದದ್ದು. ಸಕ್ಕರೆಯಿಂದ ಹೊಸ ಕೊಬ್ಬು ತಯಾರಾಗುತ್ತಿರುವಾಗ ಅದರ ನಡುಹಂತದ ಒಂದು ವಸ್ತುವು ಈ ಬಾಗಿಲನ್ನು ಮುಚ್ಚಿಬಿಡುತ್ತದೆ. ಸಕ್ಕರೆ ಪಿಷ್ಟಗಳು ಯಕೃತ್ತಿಗೆ ಧಾರಾಳವಾಗಿ ಬರುತ್ತಿದ್ದು ಹೊಸ ಕೊಬ್ಬು ಸಿದ್ಧವಾಗುತ್ತಿರುವವರೆಗೆ ಹಳೆಯ ಕೊಬ್ಬು ಒಲೆಗೆ ಸೇರುವುದು ಕಷ್ಟ.

ಇಲ್ಲಿಗೆ ರೋಗದ ಮರ್ಮ ತಿಳಿಯಿತೆನ್ನಬಹುದು. ಹಗೇವಿನ ಬಾಯಿ ತೆರೆಸುವ ಶಕ್ತಿಗಳು ಎರಡು: ಊಟಗಳ ನಡುವಣ ಬಿಡುವು ಮತ್ತು ದೇಹದ ದುಡಿಮೆ. ಇನ್ಸುಲಿನ್ ತಗ್ಗಿದಾಗ ಕಿಣ್ವಗಳು ಚುರುಕಾಗುತ್ತವೆ, ಸ್ವಭಕ್ಷಣೆ ಎಚ್ಚರಗೊಳ್ಳುತ್ತದೆ, ಒಲೆಯ ಬಾಗಿಲು ತೆರೆಯುತ್ತದೆ. ಬೆಳಗ್ಗೆ ಎದ್ದದ್ದರಿಂದ ಮಲಗುವವರೆಗೆ ಏನಾದರೊಂದು ಬಾಯಿಗೆ ಬೀಳುತ್ತಲೇ ಇದ್ದರೆ ಯಕೃತ್ತಿಗೆ ತುಂಬುವ ಕಾಲ ಮಾತ್ರ ಉಳಿದು, ತೆಗೆಯುವ ಕಾಲವೇ ಇಲ್ಲವಾಗುತ್ತದೆ.

ರೇಷ್ಮೆ ಹುಳುವಿನ ಪಾಠ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಜನರಿಗೆ ಈ ತತ್ತ್ವವನ್ನು ಬೋಧಿಸಲು ದೂರದ ಪ್ರಯೋಗಶಾಲೆ ಬೇಕಿಲ್ಲ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು 2025ರಿಂದ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರಾದ ಈ ಸೀಮೆ ರೇಷ್ಮೆಯ ತವರು. ಇಲ್ಲಿನ ಎಷ್ಟೋ ಮನೆಗಳಲ್ಲಿ ಹುಳು ಸಾಕುವುದು ವಂಶಪಾರಂಪರ್ಯವಾಗಿ ಬಂದ ಕಾಯಕ.

ಕೀಟಗಳಲ್ಲಿ ಯಕೃತ್ತೂ ಕೊಬ್ಬಿನ ಭಂಡಾರವೂ ಬೇರೆ ಬೇರೆಯಾಗಿಲ್ಲ. ಎರಡರ ಕೆಲಸವನ್ನೂ ಒಂದೇ ಮೇದಃಪಿಂಡ ಮಾಡುತ್ತದೆ. ರೇಷ್ಮೆ ಹುಳು ನಾಲ್ಕು ಜ್ವರಗಳನ್ನು ಕಳೆದು ಐದನೆಯ ಹಂತಕ್ಕೆ ಬಂದಾಗ ಹಿಪ್ಪುನೇರಳೆ ಸೊಪ್ಪನ್ನು ಹಗಲಿರುಳೂ ತಿನ್ನುತ್ತದೆ; ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಆ ಕೆಲವೇ ದಿನಗಳಲ್ಲಿ ತಿಂದು ಮುಗಿಸುತ್ತದೆ. ಆಗ ಅದರ ಮೇದಃಪಿಂಡದ ಕೋಶಗಳು ಕೊಬ್ಬಿನ ಹನಿಗಳಿಂದ ತುಂಬುತ್ತವೆ. ಹುಳು ಹಣ್ಣಾದೊಡನೆ ಬಾಯಿ ಕಟ್ಟುತ್ತದೆ. ಚಂದ್ರಿಕೆಗೆ ಬಿಟ್ಟ ಮೇಲೆ ಎರಡು ಮೂರು ದಿನ ಬಿಡದೆ ದುಡಿದು ಗೂಡು ಕಟ್ಟುತ್ತದೆ. ಒಳಗೆ ಕೋಶಾವಸ್ಥೆ, ಅನಂತರ ಪತಂಗ. ಆ ಪತಂಗವಂತೂ ಏನನ್ನೂ ತಿನ್ನುವುದಿಲ್ಲ. ಹಾರ್ಮೋನುಗಳ ಆಜ್ಞೆಯಂತೆ ಮೇದಃಪಿಂಡದಲ್ಲಿ ಸ್ವಭಕ್ಷಣೆ ಆರಂಭವಾಗಿ, ಕೂಡಿಟ್ಟದ್ದೆಲ್ಲ ಕರಗಿ ಮುಂದಿನ ಜೀವಿತಕ್ಕೆ ಬಂಡವಾಳವಾಗುತ್ತದೆ.

ಹುಳುವಿಗೂ ಮನುಷ್ಯನಿಗೂ ಅಂತರ ಬಹಳವಿದೆಯಾದರೂ ತುಂಬುವುದು, ನಿಲ್ಲಿಸುವುದು, ದುಡಿಯುವುದು, ಕರಗಿಸುವುದು ಎಂಬ ಸರದಿ ಎರಡರಲ್ಲೂ ಒಂದೇ. ಹುಳುವು ಈ ಸರದಿಯನ್ನು ತಪ್ಪಿಸಲಾರದು, ನಾವು ತಪ್ಪಿಸಬಲ್ಲೆವು.

ಹಿಂದೆ ಈ ಸೀಮೆಯ ರೈತ ಮುದ್ದೆ ಉಪ್ಪೆಸರು ಉಂಡು ದಿನವಿಡೀ ನೇಗಿಲು ಹಿಡಿಯುತ್ತಿದ್ದ. ಮನೆಯಾಕೆ ರಾಗಿ ಬೀಸಿ, ನೀರು ಹೊತ್ತು ಬದುಕು ಸಾಗಿಸುತ್ತಿದ್ದಳು. ಇಂದು ನೇಗಿಲಿಗೆ ಟ್ರ್ಯಾಕ್ಟರು, ಬೀಸುಕಲ್ಲಿಗೆ ಗಿರಣಿ, ಬಾವಿಗೆ ಮೋಟಾರು ಬಂದಿವೆ. ಅನೇಕ ಯುವಕರು ಬೆಂಗಳೂರಿನ ಕಚೇರಿಗಳಲ್ಲಿ ಕುಳಿತೋ ಬಿಡದಿಯ ಕಾರ್ಖಾನೆಗಳಲ್ಲಿ ರಾತ್ರಿಪಾಳಿಯಲ್ಲಿಯೋ ಕೆಲಸ ಮಾಡುತ್ತಾರೆ. ದುಡಿಮೆ ತಗ್ಗಿತು, ಮುದ್ದೆಯ ಗಾತ್ರ ತಗ್ಗಲಿಲ್ಲ. ಅದರ ಮೇಲೆ ಬೇಕರಿಯ ತಿಂಡಿ, ಬಾಟಲಿಯ ಸಿಹಿನೀರು ಸೇರಿದವು. ರಾಗಿ ಉತ್ತಮ ಧಾನ್ಯವೇ ಆದರೂ ಅದೂ ಪಿಷ್ಟವೇ. ದುಡಿಯದ ದೇಹಕ್ಕೆ ಎರಡು ಮುದ್ದೆ ಹೊರೆಯಾಗುವುದರಲ್ಲಿ ಸಂದೇಹವಿಲ್ಲ.

ಉದಾಸೀನ ಮಾಡಿದರೆ

ಕೊಬ್ಬು ಸೇರಿದವರೆಲ್ಲರಿಗೂ ಮುಂದಿನ ಕೇಡು ಬರುವುದಿಲ್ಲ. ಕೆಲವರಲ್ಲಿ ಮಾತ್ರ ಉರಿಯೂತವೆದ್ದು ಕೋಶಗಳು ಸಾಯುತ್ತವೆ. ಗಾಯ ಮಾಯ್ದಲ್ಲಿ ನಾರು ಬೆಳೆದು ಯಕೃತ್ತು ಗಟ್ಟಿಯಾಗುತ್ತದೆ. ಕಟ್ಟಕಡೆಗೆ ಸಿರೋಸಿಸ್, ಕೆಲವೊಮ್ಮೆ ಅರ್ಬುದ. ಈ ರೋಗಿಗಳಲ್ಲಿ ಹೃದಯಾಘಾತದ ಸಂಭವವೂ ಹೆಚ್ಚು. ಸಕ್ಕರೆ ಕಾಯಿಲೆ ಇರುವವರು, ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರು ಮೀರಿದವರು ವಿಶೇಷ ಎಚ್ಚರದಿಂದಿರಬೇಕು.

ಸಾಮಾನ್ಯ ಸ್ಕ್ಯಾನಿಂಗಿನಲ್ಲಿ ಅಲ್ಪ ಪ್ರಮಾಣದ ಕೊಬ್ಬು ಕಾಣುವುದಿಲ್ಲ. ರಕ್ತದ ಎ.ಎಲ್.ಟಿ. ಪರೀಕ್ಷೆ ಸರಿಯಾಗಿದ್ದರೂ ರೋಗವಿರಬಹುದು. ವಯಸ್ಸು, ಎ.ಎಸ್.ಟಿ., ಎ.ಎಲ್.ಟಿ. ಮತ್ತು ಪ್ಲೇಟ್‌ಲೆಟ್ ಸಂಖ್ಯೆಗಳಿಂದ ವೈದ್ಯರು ‘ಫಿಬ್-4’ ಎಂಬ ಸರಳ ಲೆಕ್ಕ ಹಾಕುತ್ತಾರೆ. ಅದು 1.3ಕ್ಕಿಂತ, 65 ವರ್ಷ ದಾಟಿದವರಲ್ಲಿ 2ಕ್ಕಿಂತ, ಕಡಿಮೆಯಿದ್ದರೆ ನಾರು ಹೆಚ್ಚು ಬೆಳೆದಿರುವ ಸಂಭವ ವಿರಳ. ಹೆಚ್ಚಿದ್ದರೆ ಯಕೃತ್ತಿನ ಗಡಸುತನವನ್ನು ಅಳೆಯುವ ಫೈಬ್ರೊಸ್ಕ್ಯಾನ್ ಪರೀಕ್ಷೆ ಮಾಡಿಸುವುದು ಯುಕ್ತ.

ಪರಿಹಾರದ ದಾರಿ

ಈ ರೋಗವನ್ನು ಹಿಂದಿರುಗಿಸಬಹುದೆಂಬುದೇ ಎಲ್ಲಕ್ಕಿಂತ ಸಮಾಧಾನದ ಸಂಗತಿ. ಕ್ಯೂಬಾ ದೇಶದಲ್ಲಿ 293 ಮಂದಿ ರೋಗಿಗಳು ಒಂದು ವರ್ಷ ಆಹಾರ ವಿಹಾರಗಳನ್ನು ತಿದ್ದಿಕೊಂಡ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ದೇಹದ ತೂಕದಲ್ಲಿ ನೂರಕ್ಕೆ ಏಳರಿಂದ ಹತ್ತು ಭಾಗ ಇಳಿಸಿದವರಲ್ಲಿ ಬಹುಮಂದಿಗೆ ಉರಿಯೂತ ಶಮನವಾಗಿತ್ತು. ಹತ್ತು ಭಾಗ ಇಳಿಸಿದವರಲ್ಲಿ ಅನೇಕರ ನಾರು ಸಹ ಹಿಮ್ಮೆಟ್ಟಿತ್ತು. 70 ಕಿಲೋಗ್ರಾಂ ತೂಗುವವರಿಗೆ ಏಳು ಭಾಗವೆಂದರೆ ಐದು ಕಿಲೋಗ್ರಾಂ ಮಾತ್ರ. ತೂಕ ಇಳಿಯದಿದ್ದರೂ ವ್ಯಾಯಾಮ ವ್ಯರ್ಥವಲ್ಲ. 2009ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ನಾಲ್ಕು ವಾರ ಸೈಕಲ್ ತುಳಿದವರ ಯಕೃತ್ತಿನ ಕೊಬ್ಬು, ತೂಕ ಇಳಿಯದೆಯೇ, ನೂರಕ್ಕೆ 21 ಭಾಗ ಕಡಿಮೆಯಾಯಿತು.

ಮನೆಮನೆಯಲ್ಲಿ ಅನುಸರಿಸಬಹುದಾದ ಕ್ರಮಗಳು ಇವು. ಸಕ್ಕರೆ, ಬೆಲ್ಲ, ಹಣ್ಣಿನ ರಸ, ಬಾಟಲಿ ಪಾನೀಯಗಳನ್ನು ಮೊದಲು ಕಡಿಮೆ ಮಾಡಬೇಕು. ಮಾವಿನ ಕಾಲದಲ್ಲಿ ರಸಾಯನ ಸೀಕರಣೆಗಳ ಬದಲು ಹಣ್ಣನ್ನು ಮಿತವಾಗಿ ಹಾಗೆಯೇ ತಿನ್ನುವುದು ಲೇಸು. ತಟ್ಟೆಯಲ್ಲಿ ಮುದ್ದೆ ಅನ್ನಗಳ ಪಾಲನ್ನು ಇಳಿಸಿ ಬಸ್ಸಾರಿನ ಸೊಪ್ಪು, ಅವರೆ, ಹುರುಳಿ, ಹೆಸರುಕಾಳು, ಮಜ್ಜಿಗೆಗಳ ಪಾಲನ್ನು ಏರಿಸಬೇಕು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬಾರದು. ರಾತ್ರಿಯ ಊಟವನ್ನು ಬೇಗ ಮುಗಿಸಿ ಬೆಳಗಿನವರೆಗೆ ಹೊಟ್ಟೆಗೆ ಬಿಡುವು ಕೊಡಬೇಕು. ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನಿರುವುದು ಸುಮಾರು 100 ಗ್ರಾಂ. ಅದು ತಗ್ಗುತ್ತ ಬಂದಂತೆ ಕೊಬ್ಬಿನ ಸರದಿ ಮೊದಲಾಗುತ್ತದೆ. ವಾರದಲ್ಲಿ ಒಟ್ಟು 150 ನಿಮಿಷವಾದರೂ ಚುರುಕಾದ ನಡಿಗೆ ಬೇಕು. ಸಕ್ಕರೆಯಿಲ್ಲದ ಕಾಫಿಯನ್ನು ಮಿತವಾಗಿ ಕುಡಿಯುವವರಲ್ಲಿ ಯಕೃತ್ತಿನ ನಾರು ಕಡಿಮೆಯಿರುವುದನ್ನು ಹಲವು ಅಧ್ಯಯನಗಳು ಗಮನಿಸಿವೆ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ವೃದ್ಧರು ವೈದ್ಯರನ್ನು ಕೇಳದೆ ಉಪವಾಸ ಕೈಗೊಳ್ಳಬಾರದು. ಹಠದಿಂದ ತಿಂಗಳೊಪ್ಪತ್ತಿನಲ್ಲಿ ತೂಕ ಕಳೆಯುವ ಸಾಹಸವೂ ಸಲ್ಲದು. ಅದರಿಂದ ಬಿಡಿ ಮೇದಾಮ್ಲಗಳ ಪ್ರವಾಹವೇ ಯಕೃತ್ತಿಗೆ ನುಗ್ಗುತ್ತದೆ. ಎರಡನೆಯದಾಗಿ, ‘ಲಿವರ್ ಶುದ್ಧಿ’ಯ ಹೆಸರಿನಲ್ಲಿ ಮಾರಾಟವಾಗುವ ಸೊಪ್ಪು ಬೇರುಗಳ ಪುಡಿ, ಭಸ್ಮಗಳನ್ನು ತಾವಾಗಿಯೇ ಸೇವಿಸುವುದು ಅಪಾಯಕರ. ಅವುಗಳಲ್ಲಿ ಕೆಲವು ಯಕೃತ್ತಿಗೇ ಹಾನಿಮಾಡಿದ ಉದಾಹರಣೆಗಳಿವೆ. ರೋಗ ಬಲಿತವರಿಗಾಗಿ ಅಮೆರಿಕೆಯ ಔಷಧ ನಿಯಂತ್ರಣ ಸಂಸ್ಥೆಯು 2024ರ ಮಾರ್ಚಿನಲ್ಲಿ ರೆಸ್ಮೆಟಿರಾಮ್ ಎಂಬ ಮಾತ್ರೆಯನ್ನೂ 2025ರ ಆಗಸ್ಟಿನಲ್ಲಿ ಸೆಮಾಗ್ಲುಟೈಡ್ ಎಂಬ ಚುಚ್ಚುಮದ್ದನ್ನೂ ಅಂಗೀಕರಿಸಿದೆ. ಇವುಗಳ ಜೊತೆಗೂ ಆಹಾರ ವ್ಯಾಯಾಮಗಳ ನಿಯಮವನ್ನು ವೈದ್ಯರು ವಿಧಿಸುತ್ತಾರೆ.

ಚರಕಸಂಹಿತೆಯ ಸೂತ್ರಸ್ಥಾನದ 23ನೆಯ ಅಧ್ಯಾಯದ ಹೆಸರೇ ‘ಸಂತರ್ಪಣೀಯ’. ಅತಿಯಾದ ಪೋಷಣೆಯಿಂದ ಬರುವ ರೋಗಗಳನ್ನೂ ಅವಕ್ಕೆ ಲಂಘನ, ಶ್ರಮಾದಿ ಉಪಾಯಗಳನ್ನೂ ಅದು ವಿವರಿಸುತ್ತದೆ. ಜೀವಕೋಶದೊಳಗಿನ ಕಿಣ್ವಗಳನ್ನು ಪ್ರಾಚೀನರು ಕಂಡಿರಲಿಲ್ಲ. ಉಣ್ಣುವುದಕ್ಕೂ ದುಡಿಯುವುದಕ್ಕೂ ಇರಬೇಕಾದ ಸಮತೋಲವನ್ನು ಮಾತ್ರ ಅವರು ಚೆನ್ನಾಗಿ ಅರಿತಿದ್ದರು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರ ಏಪ್ರಿಲ್ 1ರಂದು ಜನಿಸಿ, 2019ರ ಜನವರಿ 21ರಂದು ಲಿಂಗೈಕ್ಯರಾದ ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳ ಮಿತಾಹಾರವನ್ನೂ ಅವಿರತ ಕಾಯಕವನ್ನೂ ನಾಡೆಲ್ಲ ಕಂಡಿದೆ. ಸಾವಿರಾರು ಮಕ್ಕಳಿಗೆ ಹೊಟ್ಟೆತುಂಬ ಉಣಬಡಿಸಿದ ಪೂಜ್ಯರು ತಮ್ಮ ತಟ್ಟೆಗೆ ಬಡಿಸಿಕೊಂಡದ್ದು ಅತ್ಯಲ್ಪ.

ಜಾತ್ರೆ, ಗೃಹಪ್ರವೇಶ, ಮದುವೆಗಳಲ್ಲಿ ‘ಇನ್ನೊಂದು ಹೋಳಿಗೆ’ ಎಂದು ಒತ್ತಾಯಿಸುವುದು ನಮ್ಮ ಅತಿಥಿಸತ್ಕಾರದ ಸೊಗಸು. ಬೇಡವೆಂದವರನ್ನು ಬಲವಂತಪಡಿಸದಿರುವುದೂ ಇನ್ನು ಮುಂದೆ ಸತ್ಕಾರದ ಭಾಗವಾಗಲಿ. ನಲವತ್ತು ದಾಟಿದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಸೊಂಟದ ಅಳತೆ, ರಕ್ತದ ಸಕ್ಕರೆ, ಯಕೃತ್ತಿನ ಪರೀಕ್ಷೆಗಳನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಿಕೊಳ್ಳಲಿ. ಬೀರುವಿನಲ್ಲಿ ಮಡಿಸಿಟ್ಟ ಹಳೆಯ ವರದಿಯಿದ್ದರೆ ಈ ವಾರವೇ ಅದನ್ನು ತೆಗೆದುಕೊಂಡು ವೈದ್ಯರ ಬಳಿಗೆ ಹೋಗುವುದು ವಿಹಿತ.